ಅಬ್‌ಸ್ಕಾಂಡಿಂಗ್ ಆದ ಅಣ್ಣತಮ್ಮಂದಿರು

ದೊರೆಗಳು ಹೋದರು, ನಿಜಾಮರೂ ಹೋದರು. ಅವರ ಕಾಲದ ಇಂಗ್ಲಿಷ್ ಶಬ್ದಗಳೂ ಒಂದೊಂದಾಗಿ ಹೋದವು. ಒಂದು ಮಾತ್ರ ಹೋಗಿಲ್ಲ. ‘ಅಬ್‌ಸ್ಕಾಂಡಿಂಗ್!’ ಈಗಿನ ಯಾವ ಇಂಗ್ಲಿಷ್ ಪತ್ರಿಕೆಯನ್ನಾದರೂ ಓದಿಸಿ ನೋಡಿ: ಕಳ್ಳ ಅಬ್‌ಸ್ಕಾಂಡಿಂಗ್, ಕಾರಕೂನ ಅಬ್‌ಸ್ಕಾಂಡಿಂಗ್. ಅದಕ್ಕೆ ಮುಪ್ಪೂ ಇಲ್ಲ, ಪಿಂಚಣಿಯೂ ಇಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಗೊತ್ತಿರುವ ಇಂಗ್ಲಿಷ್ ಅದೊಂದೇ. ಆದರೆ ಆ ಶಬ್ದವನ್ನು ನಮ್ಮೂರು ಗುಂಜೋಟಿಗೆ ತಂದವನು ನಾನು! ತಂದ ರೀತಿ ನೆನೆದರೆ ಮಾತ್ರ ತಲೆ ತಾನಾಗಿ ತಗ್ಗುತ್ತದೆ.

ನನ್ನ ತಮ್ಮ ಸಿದ್ದನಿಗೆ ತುರೋರಿಯ ಭೀಮಣ್ಣನವರ ಮಗಳು ಲಗ್ನಕ್ಕೆ ಗೊತ್ತಾಗಿದ್ದ ಸಮಯ. ಒಂದು ಮಧ್ಯಾಹ್ನ ಕುರಿ ಕಾಯುವ ಪಾಳಿ ನನ್ನದು. ಬೇವಿನ ನೆರಳಿಗೆ ಕಂಬಳಿ ಹಾಸಿದೆ, ಕಣ್ಣು ಮುಚ್ಚಿದೆ. ತೆರೆದಾಗ ಪಾಟೀಲರ ಹೊಲದಲ್ಲಿ ಕುರಿ ಇದ್ದವು, ಜೋಳ ಇರಲಿಲ್ಲ! ಹಿಂಡನ್ನು ಹೊಡೆದುಕೊಂಡು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ. ಮರುದಿನ ಏನೂ ಅರಿಯದ ಸಿದ್ದ ಹಿಂಡು ಕಟ್ಟಿಕೊಂಡು ಕಾಸಾರಶಿರಸಿಯ ಕಡೆ ಮೇಯಿಸಲು ಹೊರಟ. ಅವನ ಬೆನ್ನಿಗೇ ಪಾಟೀಲರ ಫಿರ್ಯಾದಿ ಹಿಡಿದು ಕಚೇರಿಯ ಜವಾನ ಬಂದ.

“ಜ್ವಾಳ ಮೇದ ಕುರಿ ಯಾರವು?”

“ನನ್ನ ತಮ್ಮ ಸಿದ್ದನವ್ರೀ,” ಎಂದೆ. ಹಿಂಡು ಅವನ ಹೆಸರಿನದೇ ಆಗಿತ್ತು. ಸುಳ್ಳೇನಲ್ಲವಲ್ಲ!

“ಎಲ್ಲಿ ಹೋಗ್ಯಾನ?”

“ಗೊತ್ತಿಲ್ರೀ.”

“ಎಷ್ಟು ಕುರಿ ಹೊಡ್ಕೊಂಡು ಹೋಗ್ಯಾನ?”

“ಎಣಿಸಿಲ್ರೀ!”

ಇದು ನಮ್ಮ ಕುರುಬರ ರಿವಾಜು. ಹಿಂಡು ಹೊರಗೆ ಹೋದಾಗ ಅದರ ದಿಕ್ಕನ್ನೂ ಎಣಿಕೆಯನ್ನೂ ಪರರಿಗೆ ಹೇಳಬಾರದು. ಹೇಳಿದರೆ ದೃಷ್ಟಿ ತಾಗುತ್ತದೆ, ಕುಲದೇವರು ಬೀರಪ್ಪ ಮುನಿಯುತ್ತಾನೆ. ಜವಾನನಿಗೆ ರಿವಾಜು ಗೊತ್ತಿರಲಿಲ್ಲ. ಬರೆದುಕೊಂಡು ಹೋದ.

ಉಮರ್ಗಾದಲ್ಲಿ ಒಬ್ಬ ಮಾಸ್ತರರು ಸೊಲ್ಲಾಪುರದ ಕಡೆಯ ಇಂಗ್ಲಿಷ್ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದರು. ಊರಲ್ಲಿ ಸುದ್ದಿಗೆ ಬರ. ನಮ್ಮ ಕುರಿ ಮೇದ ಜೋಳವೇ ಅವರಿಗೆ ಸುಗ್ಗಿಯಾಯಿತು! ಸಂತೆಯಲ್ಲಿ ಸಿಕ್ಕಾಗ ಪತ್ರಿಕೆ ಕೊಟ್ಟು ಬೆರಳಿಟ್ಟು ತೋರಿಸಿದರು: “ನೋಡು ಮಾಳಪ್ಪ, ನಿನ್ನ ತಮ್ಮ ಅಬ್‌ಸ್ಕಾಂಡಿಂಗ್. ಅಂದ್ರ ಫರಾರಿ.”

ಫರಾರಿ ಅಂದರೆ ಕೈಗೆ ಬೇಡಿ ಬಿದ್ದಂತೆ ಕೇಳುತ್ತದೆ. ಅಬ್‌ಸ್ಕಾಂಡಿಂಗ್ ಅಂದರೆ ರುಮಾಲು ಸುತ್ತಿ ಕುದುರೆ ಏರಿದಂತೆ! ನಮ್ಮ ಮನೆತನದಲ್ಲಿ ಇಂಗ್ಲಿಷಿನಲ್ಲಿ ಫರಾರಿಯಾದವರು ಅಲ್ಲಿಯವರೆಗೆ ಯಾರಿದ್ದರು? ಹೆಮ್ಮೆ ತಡೆಯಲಾಗದೆ ನೆಟ್ಟಗೆ ತುರೋರಿಗೆ ನಡೆದೆ.

“ಮಾವ, ನಿಮ್ಮ ಅಳಿಯಂದು ಹೆಸರು ಪೇಪರ್‌ನ್ಯಾಗ ಬಂದಾದ!”

“ಭೇಷ್!” ಎಂದರು ಭೀಮಣ್ಣ. “ಏನಂತ ಬಂದಾದ?”

“ಅಬ್‌ಸ್ಕಾಂಡಿಂಗ್ ಅಂತ.”

“ಅಂದ್ರ?”

“ಫರಾರಿ.”

ಮಜ್ಜಿಗೆಯ ತಂಬಿಗೆ ಹಿಡಿದು ಬರುತ್ತಿದ್ದ ಅವರ ಹೆಂಡತಿ ನಡುದಾರಿಯಿಂದಲೇ ಒಳಗೆ ತಿರುಗಿದರು.

“ಫರಾರಿಗೆ ಮಗಳ ಕೊಡ್ಲಿಕ್ಕೆ ನಾ ಏನ್ ಹುಚ್ಚೇನು?” ಭೀಮಣ್ಣ ಎದ್ದು ನಿಂತರು. “ಹುಣ್ಣಿಮಿ ಒಳಗ ಅಂವಾ ಬಂದು ಬೇಕಸೂರ, ತನ್ನದೇನೂ ತಪ್ಪಿಲ್ಲ ಅಂತ ತೋರಸ್ಲಿ. ಇಲ್ಲಾಂದ್ರ ಲಗ್ನ ಮುರೀತು!”

ಮಲಗಿದ್ದವನು ನಾನು ಎಂದು ಅಲ್ಲೇ ಹೇಳಬಹುದಿತ್ತು. ಮಾತು ಗಂಟಲತನಕ ಬಂತು. ನುಂಗಿದೆ. ಮಜ್ಜಿಗೆಯೂ ಇರಲಿಲ್ಲ, ಬರೀ ಗಂಟಲಲ್ಲೇ ನುಂಗಿದೆ.

ಕಾಸಾರಶಿರಸಿಗೆ ಓಡಿ, ಅಡವಿ ಅಡವಿ ಅಲೆದು ಸಿದ್ದನನ್ನು ಹುಡುಕಿದೆ. ಸುದ್ದಿ ಕೇಳಿ ಅವನು ಉಣ್ಣೆ ನೂಲುವ ಕೈ ನಿಲ್ಲಿಸಿ ಇಷ್ಟೇ ಕೇಳಿದ: “ಅಣ್ಣಾ, ಆ ದಿನ ಹಿಂಡಿನ ಸಂಗಟ ನಾ ಇದ್ದಿಲ್ಲಲ್ಲ?” ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಇಬ್ಬರೂ ಹಿಂಡಿನೊಂದಿಗೆ ಊರು ಮುಟ್ಟಿದರೆ ಅಲ್ಲಿ ಹೊಸ ಪತ್ರಿಕೆ ಕಾದಿತ್ತು. ನಾನಿಲ್ಲದಾಗ ಜವಾನ ಮತ್ತೆ ಬಂದು ನಮ್ಮವ್ವನನ್ನು ಕೇಳಿದ್ದ: “ದೊಡ್ಡ ಮಗ ಎಲ್ಲಿ?” ಹಿಂಡು ಇದ್ದಲ್ಲಿಗೇ ನಾನು ಹೋಗಿದ್ದೆ. ಅವ್ವ ರಿವಾಜು ಬಿಡುವವಳೇ? “ಗೊತ್ತಿಲ್ಲಪ್ಪ!” ಎಂದಿದ್ದಳು. ಪತ್ರಿಕೆ ಓದಿಸಿದರೆ, ಈಗ ಅಣ್ಣತಮ್ಮ ಇಬ್ಬರೂ ಅಬ್‌ಸ್ಕಾಂಡಿಂಗ್! ನಿಜ ಹೇಳುತ್ತೇನೆ, ಆ ಸಂಕಟದಲ್ಲೂ ನನ್ನ ಹೆಸರು ಎಲ್ಲಿದೆ ಎಂದು ಮೊದಲು ತೋರಿಸಿಕೊಂಡೆ.

ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಸಿದ್ದನನ್ನು ಕರೆದುಕೊಂಡು ತುರೋರಿಗೆ ಹೋದೆ.

“ಮಾವ, ಜ್ವಾಳ ಮೇದಾಗ ಹಿಂಡಿನ ಮುಂದ ನಾ ಇದ್ದೆ. ಮಲ್ಕೊಂಡಿದ್ದೆ. ಇಂವಂದೇನೂ ತಪ್ಪಿಲ್ಲ.”

ಭೀಮಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಪುಣ್ಯಕ್ಕ ನನ್ನ ಮಗಳು ನಿನಗ ಗೊತ್ತಾಗಿಲ್ಲ!” ಎಂದರು. ಈ ಸಲ ಮಜ್ಜಿಗೆ ಬಂತು. ಸಿದ್ದನಿಗೆ ಮಾತ್ರ.

ಪಾಟೀಲರ ಹೊಲದಲ್ಲಿ ನಾಲ್ಕು ದಿನ ಕುರಿ ತರುಬಿಸಿ, ಅಲ್ಲೇ ಮಲಗಿಸಿ, ಮೇದ ಜೋಳದ ಬದಲಿಗೆ ಗೊಬ್ಬರ ಕೊಟ್ಟೆವು. ಫಿರ್ಯಾದಿ ಹಿಂದೆ ಹೋಯಿತು, ಲಗ್ನ ಮುಂದೆ ಬಂತು. ಸಿದ್ದ ತಲೆ ಎತ್ತಿ ಬಾಸಿಂಗ ಕಟ್ಟಿಕೊಂಡ. ನನಗೂ ಕೊಂಚ ಹೆಮ್ಮೆ ಬಂದು ಮಾಸ್ತರರ ಕಡೆ ಹೋದೆ.

“ಮಾಸ್ತರ, ಮಾಳಪ್ಪ ಸಿಕ್ಕಾನ ಅಂತ ಪೇಪರ್‌ನ್ಯಾಗ ಹಾಕಸ್ರಿ.”

ಮಾಸ್ತರರು ಚಷ್ಮದ ಮೇಲಿಂದ ನೋಡಿದರು. “ನಿನ್ನ ಹುಡುಕಿದವರಾದ್ರೂ ಯಾರಪ್ಪ?”

ಹಾಗಾಗಿ ಪತ್ರಿಕೆಯ ಪ್ರಕಾರ ನಾನು ಈ ಹೊತ್ತಿಗೂ ಅಬ್‌ಸ್ಕಾಂಡಿಂಗ್. ಮನೆಯಲ್ಲೇ ಇದ್ದೇನೆ. ಹಿಡಿಯಲು ಒಬ್ಬರೂ ಬಂದಿಲ್ಲ!