ಮಾಳಿಗೆ ಕೋಣೆಗಾಗಿ ಉಪವಾಸ

ಎರ್ನಾಕುಳಂನ ಕಲೂರಿನಲ್ಲಿ ಗಾಳಿಯೇ ಇಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಇತ್ತು. ಆದರೆ ಅದು ಅಬೂಬಕ್ಕರ್ ಹಾಜಿಯವರ ಮನೆಯ ಮಾಳಿಗೆಯವರೆಗೆ ಬಂದು ಅಲ್ಲಿಂದಲೇ ಹಿಂದಿರುಗುತ್ತಿತ್ತು. ಕೆಳಗೆ ಬಾಡಿಗೆಗಿದ್ದ ವೆಂಕಟ್ರಮಣ ರಾಯರನ್ನೂ ಒಮ್ಮೆ ಮಾತಾಡಿಸಿ ಹೋಗೋಣ ಎಂಬ ಸೌಜನ್ಯ ಅದಕ್ಕಿರಲಿಲ್ಲ. ರಾಯರು ಮಲಗುವ ಕೋಣೆಯ ಗೋಡೆಯ ಆಚೆ ಬದಿಗೆ ಹಾಜಿಯವರ ಅಡಿಗೆಮನೆ. ರಂಜಾನ್ ತಿಂಗಳು ಶುರುವಾದ ಮೇಲೆ ಸಂಜೆಯಿಂದ ಅಲ್ಲಿ ಪತ್ತಿರಿ ರೊಟ್ಟಿ ಬೇಯುತ್ತಿತ್ತು, ಈಚೆ ಬದಿಗೆ ರಾಯರು.

ಈ ರಾಯರು ಕಾಸರಗೋಡಿನವರು. ಕಾಸರಗೋಡು ಕೇರಳಕ್ಕೆ ಸೇರಿದಾಗ ಅದರ ಜೊತೆಗೆ ತಾವೂ ಸೇರಿಹೋಗಿ, ಎರ್ನಾಕುಳಂನ ಕೋರ್ಟಿಗೆ ಕನ್ನಡ ಕಾಗದಪತ್ರಗಳ ಭಾಷಾಂತರಕಾರರಾಗಿ ಬಂದಿದ್ದರು. ಮಾಳಿಗೆಯಲ್ಲಿದ್ದ ಇಂಜಿನಿಯರರಿಗೆ ತಿರುವನಂತಪುರಕ್ಕೆ ವರ್ಗವಾದ ಸುದ್ದಿ ಕೇಳಿದ ಕ್ಷಣದಿಂದ ಅವರಿಗೆ ಆ ಕೋಣೆಯ ಧ್ಯಾನ. ಕಷ್ಟವೆಂದರೆ, ಹಿತ್ತಲ ಕೋಣೆಯಲ್ಲಿದ್ದ ಬ್ಯಾಂಕಿನ ಗಣಪತಿಯವರಿಗೂ ಅದೇ ಧ್ಯಾನ. ಗಣಪತಿ ಮೈಸೂರಿನ ಕಡೆಯವರು, ಒಂಟಿ ಜೀವ, ಮಾತಿಗೆ ಮೊದಲು ನಗುವ ಸ್ವಭಾವ. (ಇಂಥವರನ್ನು ನಂಬಬಾರದು ಎಂಬುದು ರಾಯರ ಸಿದ್ಧಾಂತ.) ಹಾಜಿಯವರು ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದರು: "ಪೆರುನ್ನಾಳ್ ಆಗಲಿ, ನೋಡುವ." ಪೆರುನ್ನಾಳ್ ಎಂದರೆ ಹಬ್ಬ. ಹಬ್ಬಕ್ಕೆ ಇನ್ನು ಒಂದು ವಾರವೂ ಇರಲಿಲ್ಲ.

ಕೋರ್ಟಿಗೆ ಬೇಸಗೆ ರಜೆ ಸಿಕ್ಕಿದರೂ ರಾಯರು ಊರಿಗೆ ಹೋಗಲಿಲ್ಲ. ಬೆನ್ನು ತಿರುಗಿಸಿದರೆ ಕೋಣೆ ಗಣಪತಿಯ ಪಾಲಾದೀತು. ತವರಿಗೆ ಹೋಗಲು ಪೆಟ್ಟಿಗೆ ತುಂಬಿಸಿಟ್ಟಿದ್ದ ಹೆಂಡತಿ ಸುಶೀಲ ಅದನ್ನು ಸದ್ದಿಲ್ಲದೆ ಖಾಲಿ ಮಾಡಿದಳು. ಆ ಸದ್ದಿಲ್ಲದಿರುವಿಕೆಯನ್ನು ರಾಯರು ಒಪ್ಪಿಗೆ ಎಂದು ಭಾಷಾಂತರಿಸಿಕೊಂಡರು.

ಅನಾಹುತ ಆದದ್ದು ಏಕಾದಶಿಯ ಸಂಜೆ. ಹಾಜಿಯವರು ಜಗಲಿಯಲ್ಲಿ ಕೂತಿದ್ದರು. ಎಷ್ಟೋ ವರ್ಷ ಮಂಗಳೂರು ಬಂದರಿನಲ್ಲಿ ತೆಂಗಿನ ನಾರಿನ ಹಗ್ಗ ಮಾರಿದವರಾದ್ದರಿಂದ ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಆಗ ತಾನೆ ಇಳಿಸಿದ ಎಳನೀರೊಂದನ್ನು ತೋರಿಸಿ, "ನೋಂಬು ನನಗೆ ಸಾರ್, ನಿಮಗಲ್ಲವಲ್ಲ. ಕುಡಿಯಿರಿ," ಎಂದರು.

ಏಕಾದಶಿಗೆ ಎಳನೀರು ಖಂಡಿತ ಆಗುತ್ತದೆ. ಆದರೆ ರಾಯರ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಮತ್ತೆ ಉಪ್ಪಿಟ್ಟು, ನಡುವೆ ಬಾಳೆಹಣ್ಣು, ಮೂರು ಲೋಟ ಕಾಫಿ. ಅವರು ಕಣ್ಣು ಅರ್ಧ ಮುಚ್ಚಿ, "ಬೇಡ ಹಾಜಿಯಾರೇ, ಇವತ್ತು ನನಗೆ ಉಪವಾಸ," ಎಂದರು.

"ಉಪವಾಸವಾ? ನಮ್ಮ ನೋಂಬಿನ ತಿಂಗಳಲ್ಲಿ? ನಮ್ಮ ಜೊತೆಗೆ?" ಹಾಜಿಯವರು ಎದ್ದೇ ನಿಂತರು. ಮಂಗಳೂರಿನಲ್ಲಿ ಅವರು ಕಲಿತ ಕನ್ನಡದಲ್ಲಿ ಉಪವಾಸ ಎಂದರೆ ನೋಂಬು, ನೋಂಬು ಎಂದರೆ ಉಪವಾಸ. ಮಧ್ಯದಲ್ಲಿ ಉಪ್ಪಿಟ್ಟು ಬರುತ್ತದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ರಾಯರು ಅಲ್ಲೇ ತಿದ್ದಬಹುದಿತ್ತು. ಆದರೆ ಹಾಜಿಯವರ ಕಣ್ಣಲ್ಲಿ ನೀರಿತ್ತು. ಅಲ್ಲದೆ, ಅದೇ ಹೊತ್ತಿಗೆ ಗಣಪತಿ ಒಂದು ಕಲ್ಲಂಗಡಿ ಹಣ್ಣನ್ನು ತಬ್ಬಿಕೊಂಡು ನಗುತ್ತ ಗೇಟು ದಾಟಿ ಬಂದರು. "ಹಾಜಿ ಸಾಹೇಬ್ರೇ, ಸಂಜೆ ನೋಂಬು ಬಿಡೋಕೆ ತಂಪಾಗಿರ್ಲಿ ಅಂತ ತಂದೆ ಕಣ್ರೀ."

ಹಾಜಿಯವರು ಹಣ್ಣಿನ ಕಡೆ ನೋಡಲಿಲ್ಲ. "ಇವತ್ತು ಒಂದು ದಿವಸವಾ ಸಾರ್, ಅಲ್ಲ ಪೆರುನ್ನಾಳ್‌ವರೆಗೂ ಉಂಟಾ?"

"ಪೆರುನ್ನಾಳ್‌ವರೆಗೆ," ಎಂದರು ರಾಯರು. ಹೇಳಿದವರು ತಾವೇ ಎಂದು ಅವರಿಗೆ ತಿಳಿದದ್ದು ಸ್ವಲ್ಪ ತಡವಾಗಿ.

"ನೀರು ಸಹ ಮುಟ್ಟದ ಉಪವಾಸ ನಿಮ್ಮಿಂದ ಆಗುತ್ತದಾ?" ಎಂದಳು ಸುಶೀಲ, ರಾಯರು ಒಳಗೆ ಬಂದೊಡನೆ. ಅವಳು ಹಾಜಿಯವರ ಮೊಮ್ಮಕ್ಕಳಿಗೆ ಹಬ್ಬದ ಫ್ರಾಕು ಹೊಲಿಯುತ್ತಿದ್ದಳು. ಮಿಷನ್ನಿನ ಸದ್ದು ನಿಲ್ಲಿಸಿ ಕೇಳಿದಳೆಂದರೆ ಪ್ರಶ್ನೆ ಗಂಭೀರವಾದದ್ದು.

"ನಾನು ಉಪವಾಸ ಎಂದೆ, ನೋಂಬು ಎನ್ನಲಿಲ್ಲ. ಹಬ್ಬದವರೆಗೆ ಅನ್ನ ಮುಟ್ಟುವುದಿಲ್ಲ. ಶಾಸ್ತ್ರಕ್ಕೆ ಅಷ್ಟು ಸಾಕು. ಉಪ ಎಂದರೆ ಹತ್ತಿರ, ವಾಸ ಎಂದರೆ ಇರುವುದು."

"ಸರಿಯೇ. ನೀವು ಇರುವುದು ನನ್ನ ಅಡಿಗೆಮನೆಯ ಹತ್ತಿರವೇ ಅಲ್ಲವಾ? ಇದು ಉಪವಾಸ ಅಲ್ಲ ಮಾರಾಯ್ರೇ, ಉಪ್ಪಿಟ್ಟುವಾಸ." ಮಿಷನ್ ಮತ್ತೆ ಓಡತೊಡಗಿತು.

ಮರುದಿನದಿಂದ ರಾಯರ ಕೀರ್ತಿ ಬೀದಿಯುದ್ದಕ್ಕೂ ಹರಡಿತು. ಹಾಜಿಯವರು ಬೀದಿಯಲ್ಲಿದ್ದ ತಮ್ಮ ಹಗ್ಗದ ಅಂಗಡಿಗೆ ಬಂದವರಿಗೆಲ್ಲ ಹಗ್ಗಕ್ಕೆ ಮೊದಲು ರಾಯರ ವಿಷಯ ಅಳೆದು ಕೊಡುತ್ತಿದ್ದರು. ಮೂಲೆಯ ಚಹಾದಂಗಡಿಯ ಮೋಹನ, ರಾಯರನ್ನು ಕಂಡೊಡನೆ ಗ್ಲಾಸುಗಳನ್ನು ಮರೆಮಾಡಿ, "ಸಾರ್ ಮುಂದೆ ಚಹಾ ಹೊಯ್ಯಬಾರದು," ಎಂದು ಗಿರಾಕಿಗಳನ್ನು ಗದರಿಸಿದ. ಅಲ್ಲಿ ದಿನಾ ಎರಡು ಸಲ ಕುಡಿಯುತ್ತಿದ್ದ ರಾಯರು ಗಂಭೀರವಾಗಿ ತಲೆಯಾಡಿಸಿ ಮುಂದೆ ನಡೆದರು. ಜನ ದಾರಿ ಬಿಟ್ಟರು. ಗೌರವ ಎಷ್ಟು ಬಾಯಾರಿಕೆಯ ಸಂಗತಿ ಎಂದು ಅವರಿಗೆ ಮೊದಲ ಬಾರಿ ಗೊತ್ತಾಯಿತು.

ಉಳಿದದ್ದು ಮನೆಯ ಕಾಫಿ. ಅದನ್ನು ಕಿಟಕಿ ಮುಚ್ಚಿ, ಬಾಗಿಲು ಓರೆಮಾಡಿ, ಪರಿಮಳ ಹೊರಗೆ ಹೋಗದಿರಲೆಂದು ಎರಡು ಊದುಬತ್ತಿ ಹಚ್ಚಿ ಕುಡಿಯಬೇಕು. ಏಪ್ರಿಲಿನ ಸೆಕೆಯಲ್ಲಿ, ಬೆಂದ ಗೋಡೆಯ ಪಕ್ಕ, ಊದುಬತ್ತಿಯ ಹೊಗೆಯಲ್ಲಿ ಬೆವರು ಸುರಿಸುತ್ತ ಕೂತ ರಾಯರನ್ನು ನೋಡಿದ್ದರೆ ಯಾರಾದರೂ ಘೋರ ತಪಸ್ಸು ಎಂದೇ ತಿಳಿಯುತ್ತಿದ್ದರು. ಒಂದು ಮಧ್ಯಾಹ್ನ ಹಾಜಿಯವರು ಹಾಗೆಯೇ ತಿಳಿದರು.

ರಾಯರು ದೊಡ್ಡದೊಂದು ಗುಟುಕು ಬಾಯಿಗೆ ತೆಗೆದುಕೊಂಡಿದ್ದರಷ್ಟೆ. "ಅಮ್ಮಾ, ಫ್ರಾಕು ಆಯಿತಾ?" ಎಂದು ಕೇಳುತ್ತಲೇ ಹಾಜಿಯವರು ಬಾಗಿಲು ತಳ್ಳಿದರು. ಲೋಟ ಮಂಚದ ಕೆಳಗೆ ಹೋಯಿತು. ಕಾಫಿ ಬಾಯಲ್ಲೇ ಉಳಿಯಿತು.

"ಆಯಾಸ ಉಂಟಾ ಸಾರ್?" ಹಾಜಿಯವರು ಕನಿಕರದಿಂದ ಎದುರಿಗೇ ಕೂತರು.

ರಾಯರು ತಲೆಯಾಡಿಸಿದರು. ಕೆನ್ನೆ ಎರಡೂ ಊದಿಕೊಂಡಿದ್ದವು. ನುಂಗಿದರೆ ಗಂಟಲು ಆಡುವುದು ಕಾಣುತ್ತದೆ, ಬಾಯಿ ತೆರೆದರೆ ಕಾಫಿ ಕಾಣುತ್ತದೆ.

"ಅವರು ಈಗ ಮಾತಾಡುವುದಿಲ್ಲ," ಎಂದಳು ಸುಶೀಲ, ಸೂಜಿಗೆ ದಾರ ಪೋಣಿಸುತ್ತ.

"ಮೌನವೂ ಉಂಟಾ!" ಹಾಜಿಯವರು ಬೆರಗಾದರು. ಆಮೇಲೆ ಹತ್ತಿರ ಬಾಗಿ ನೋಡಿ ದನಿ ತಗ್ಗಿಸಿದರು. "ಉಗುಳು ಸಹ ನುಂಗುವುದಿಲ್ಲವಾ ಅಮ್ಮಾ? ನಮ್ಮಲ್ಲಿಯೂ ಹಿಂದಿನ ಕೆಲವು ಹಿರಿಯರು ಹೀಗೆಯೇ ಇದ್ದರು. ಈಗ ಯಾರೂ ಇಲ್ಲ." ಮತ್ತೆ ಆ ಹಿರಿಯರಲ್ಲಿ ಒಬ್ಬೊಬ್ಬರ ಕಥೆಯನ್ನೂ ಸಾವಕಾಶವಾಗಿ ಹೇಳಿದರು. ಅವರು ಕೊನೆಗೆ ಮಡಿಸಿದ ಫ್ರಾಕುಗಳನ್ನು ಎತ್ತಿಕೊಳ್ಳಲು ತಿರುಗಿದಾಗ ರಾಯರು ನುಂಗಿದರು. ಅಷ್ಟರಲ್ಲಿ ಕಾಫಿ ತಣ್ಣಗಾಗಿತ್ತು.

ಚಂದ್ರನನ್ನು ನೋಡುವ ಸಂಜೆ ಎಲ್ಲರೂ ಮಾಳಿಗೆ ಹತ್ತಿದರು. ರಾಯರು ಪಂಚಾಂಗ ಹಿಡಿದು, ಚಂದ್ರ ಎಲ್ಲಿ ಮೂಡಬೇಕೆಂದು ಕೋರ್ಟಿನ ಸಮನ್ಸು ಕೊಟ್ಟವರಂತೆ ಬೆರಳು ತೋರಿಸಿ ನಿಂತರು. ಅವರು ತೋರಿಸಿದಲ್ಲಿ ಮೋಡವಿತ್ತು. ಮೋಡ ಸರಿದಾಗ, ಅಲ್ಲಿಂದ ಸಾಕಷ್ಟು ಎಡಕ್ಕೆ, ತೆಂಗಿನ ಗರಿಗಳ ಮೇಲೆ, ಕತ್ತರಿಸಿದ ಉಗುರಿನಷ್ಟು ಚಂದ್ರ. ಮೊದಲು ಕಂಡವಳು ಸುಶೀಲ. ಮಕ್ಕಳು ಕೂಗಿದರು, ಹೆಂಗಸರು ಬಿರಿಯಾನಿಯ ಅಕ್ಕಿ ಆರಿಸಲು ಕೆಳಗೆ ಓಡಿದರು, ಮಸೀದಿಯಿಂದ ದನಿ ಕೇಳಿತು. ಆದರೆ ಆ ಹೊತ್ತಿನಲ್ಲಿ ಕಲೂರಿನಲ್ಲೆಲ್ಲ ಅತ್ಯಂತ ಸಂತೋಷಪಟ್ಟ ಮನುಷ್ಯ ವೆಂಕಟ್ರಮಣ ರಾಯರೇ ಎಂದು ನಿಸ್ಸಂಶಯವಾಗಿ ಹೇಳಬಹುದು. ಮುಖಕ್ಕೆ ಗಾಳಿಯೂ ಬೀಸುತ್ತಿತ್ತು.

ಹಬ್ಬದ ದಿನ ನಮಾಜು ಮುಗಿಸಿ, ಹೊಸ ಬಿಳಿ ಮುಂಡು ಉಟ್ಟು, ಅತ್ತರು ಪೂಸಿಕೊಂಡು ಹಾಜಿಯವರು ನೇರವಾಗಿ ರಾಯರಲ್ಲಿಗೆ ಬಂದರು. ಒಂದು ಕೈಯಲ್ಲಿ ನೇಂದ್ರಬಾಳೆಯ ಗೊನೆ, ಇನ್ನೊಂದರಲ್ಲಿ ಮಾಳಿಗೆಯ ಬೀಗದ ಕೈ. ಹಿಂದೆಯೇ ಗಣಪತಿ, ಹಬ್ಬದ ಸಿಹಿ ಮೆಲ್ಲುತ್ತ. ಹಾಜಿಯವರು ರಾಯರನ್ನು ತಬ್ಬಿಕೊಂಡು ಕೀಲಿಕೈಯನ್ನು ಅವರ ಅಂಗೈಯಲ್ಲಿ ಇಟ್ಟರು. ರಾಯರು ಗಣಪತಿಯತ್ತ ನೋಡಿದ ನೋಟದಲ್ಲಿ ಧರ್ಮವೇ ಗೆಲ್ಲುತ್ತದೆ ಎಂಬ ಭಾವವಿತ್ತು.

"ಇವತ್ತೇ ಸಾಮಾನು ಸಾಗಿಸಿ ಸಾರ್. ನಾಳೆಗೆ ಅನುಕೂಲ," ಎಂದರು ಹಾಜಿಯವರು.

"ನಾಳೆಗೆ ಎಂತದು ಹಾಜಿಯಾರೇ?"

"ಆರು ನೋಂಬು! ಪೆರುನ್ನಾಳ್ ಕಳೆದ ಮೇಲೆ ಇನ್ನೂ ಆರು ಹಿಡಿಯುವವರಿಗೆ ಪುಣ್ಯ ಜಾಸ್ತಿ. ಕಡ್ಡಾಯ ಇಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹಿಡಿಯುವುದಿಲ್ಲ. ಮೊದಲು ನನ್ನ ತಮ್ಮ ಇದ್ದ, ನನ್ನ ಜೊತೆ ಹಿಡಿಯುತ್ತಿದ್ದ. ಅವನು ಹೋದ ಮೇಲೆ ನಾನೊಬ್ಬನೇ." ಹಾಜಿಯವರು ಮುಂಡಿನ ಅಂಚು ಸರಿಮಾಡಿಕೊಂಡರು. "ಒಬ್ಬನೇ ನೋಂಬು ತೆರೆಯುವಾಗ ಖರ್ಜೂರ ಇಳಿಯುವುದಿಲ್ಲ ಸಾರ್. ಈ ವರ್ಷ ದೇವರು ನಿಮ್ಮನ್ನು ಕೊಟ್ಟ. ನಾನು ಮಲಗುವುದು ಮಾಳಿಗೆಯ ಜಗಲಿಯಲ್ಲಿ. ಬೆಳಗಾಗುವ ಮೊದಲು ನಾನೇ ಎಬ್ಬಿಸುತ್ತೇನೆ. ನಿಮಗೆ ಕೋರ್ಟೂ ಇಲ್ಲ. ಹಗಲೆಲ್ಲ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತಿರಿ."

ರಾಯರ ಬಾಯಿ ತೆರೆಯಿತು. ಈ ಸಲ ಅದರಲ್ಲಿ ಏನೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಕೋಣೆಗಾಗಿಯಾದರೆ ಹೇಗಾದರೂ ಜಾರಿಕೊಳ್ಳಬಹುದಿತ್ತು. ಆ ತಮ್ಮನ ಮಾತು ಕೇಳಿದ ಮೇಲೆ ಆಗುವಂತಿರಲಿಲ್ಲ. ರಾಯರು ಕೆಟ್ಟವರಲ್ಲ, ಸೆಕೆ ತಡೆಯದವರು ಅಷ್ಟೆ.

"ಕಷ್ಟವಾದರೆ ಬೇಡ ಸಾರ್," ಎಂದರು ಹಾಜಿಯವರು, ಅವರ ಮುಖ ನೋಡಿ. "ಗಣಪತಿ ಸಾರ್ ಕೇಳಿದ್ದರು, ಅವರೂ..."

"ನಾನೇ ಹಿಡಿಯುತ್ತೇನೆ," ಎಂದರು ರಾಯರು.

"ಹಿಡೀರಿ, ಹಿಡೀರಿ," ಎಂದರು ಗಣಪತಿ, ಬೆರಳು ನೆಕ್ಕುತ್ತ. "ನನಗೆ ನೀವು ಬಿಡೋ ಕೆಳಗಿನ ಕೋಣೆ ಸಾಕು ಕಣ್ರೀ. ಹಾಜಿ ಸಾಹೇಬ್ರು ಅಡಿಗೆಮನೇನ ಹಿತ್ತಲಿಗೆ ಸಾಗಿಸ್ತಾರಂತೆ."

ಸಂಜೆಯ ಹೊತ್ತಿಗೆ ಸಾಮಾನೆಲ್ಲ ಮಾಳಿಗೆಗೆ ಏರಿತು. ಸುಶೀಲ ಕಿಟಕಿಗಳನ್ನು ಪೂರ್ತಿ ತೆರೆದಳು. ಹಿನ್ನೀರಿನ ಕಡೆಯಿಂದ ತಣ್ಣನೆಯ ಗಾಳಿ ಭರ್ರೆಂದು ಒಳಗೆ ನುಗ್ಗಿ ಪಂಚಾಂಗದ ಹಾಳೆಗಳನ್ನೆಲ್ಲ ಎಬ್ಬಿಸಿತು. ರಾಯರು ಮಂಚದ ತುದಿಯಲ್ಲಿ ಕೂತು ಮೆಲ್ಲಗೆ, "ನಾಳೆ ಅಂಗಡಿಗೆ ಹೋಗುವ ಮೊದಲು ಏನಾದರೂ..." ಎಂದು ಶುರುಮಾಡಿದರು.

"ಗಾಳಿ ಬೇಕು, ಗಾಳಿ ಬೇಕು ಅಂತ ಜೀವ ತಿಂದಿರಲ್ಲ," ಎಂದಳು ಸುಶೀಲ, ತನ್ನ ಪೆಟ್ಟಿಗೆಗೆ ಸೀರೆ ತುಂಬುತ್ತ. "ಇನ್ನು ಆರು ದಿವಸ ಅದನ್ನೇ ಹೊಟ್ಟೆ ತುಂಬ ತಿನ್ನಿ. ಅಡಿಗೆಯ ಕೆಲಸ ಇಲ್ಲವಲ್ಲ, ನಾನು ಅಮ್ಮನಲ್ಲಿಗೆ ಹೋಗಿ ಬರುತ್ತೇನೆ."