ಮೇಲಿನ ಪ್ಲಗ್ ಮೊದಲು

ಮದುವೆಯಾಗಿ ಮೂವತ್ತು ವರ್ಷವಾದರೂ ನಮ್ಮ ಹೆಡ್‌ಕ್ಲರ್ಕರಿಗೆ ಮಾವನ ಬಾಯಿಂದ ಒಂದೇ ಒಂದು ‘ಭೇಷ್’ ಸಿಕ್ಕಿರಲಿಲ್ಲ. ಮಾವ ಕೆಟ್ಟವರೇನಲ್ಲ ಪಾಪ. ಐವತ್ತು ವರ್ಷ ಕಾರು ರಿಪೇರಿ ಶೆಡ್ಡು ನಡೆಸಿದ ಮೇಸ್ತ್ರಿ. ಕೈ ಕೊಳೆಯಾಗದ ಕೆಲಸ ಅವರ ಪ್ರಕಾರ ಕೆಲಸವೇ ಅಲ್ಲ. ಹತ್ತು ಜನರ ಮುಂದೆ ಅಳಿಯನನ್ನು ‘ನಮ್ಮ ಇಂಕಿನ ಅಳಿಯಂದ್ರು’ ಎಂದು ಬಲು ಮರ್ಯಾದೆಯಿಂದ ಕರೆಯುತ್ತಿದ್ದರು. ಬೈದರೆ ತಡೆದುಕೊಳ್ಳಬಹುದು, ಮರ್ಯಾದೆ ಕೊಟ್ಟು ಚುಚ್ಚಿದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ನಿವೃತ್ತಿಯಾದ ತಿಂಗಳಲ್ಲಿ ಹೆಡ್‌ಕ್ಲರ್ಕರು ಒಂದು ಮಹಾಸಾಹಸ ಮಾಡಿದರು. ಅವರ ಆಫೀಸಿನ ಡೈರೆಕ್ಟರು ಹದಿನಾಲ್ಕು ವರ್ಷ ಮೆರೆದಾಡಿ, ಬೇಸರ ಬಂದು ಮಾರಿದ ಕಪ್ಪು ಕಾರನ್ನು ಕೊಂಡುಬಿಟ್ಟರು. ಅದೇನು ಅಂತಿಂಥ ಕಾರೇ! ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು, ಕಾಲು ಸೋಕಿಸಿದರೆ ಸಾಕು, ರಸ್ತೆಯನ್ನೇ ಒದ್ದುಕೊಂಡು ಹಾರುತ್ತದೆ. (ಹೆಡ್‌ಕ್ಲರ್ಕರು ನಲವತ್ತರ ಮೇಲೆ ಓಡಿಸಿದವರಲ್ಲ. ಬೇಕೆಂದರೆ ಹಾರುತ್ತದೆ ಎಂದು ಗೊತ್ತಿದ್ದರೇ ಅವರಿಗೆ ಸಾಕು.) ಒಂದೇ ಕೊರತೆ. ಓಡುವಾಗ ಹಿಂಬದಿಯಿಂದ ಗುಂಯ್ ಎಂಬ ಸದ್ದು.

ಫೋನಿನಲ್ಲಿ ಆ ಸದ್ದು ಕೇಳಿಸಿಕೊಂಡ ಮಾವ, “ಹಿಂದಿನ ಡಿಫರೆನ್ಷಿಯಲ್ಲು. ಎಣ್ಣೆ ಸತ್ತಿದೆ” ಎಂದರು.

“ಶೋರೂಮಿನವರು ಅದು ಲೈಫ್‌ಟೈಮ್ ಎಣ್ಣೆ, ಬದಲಾಯಿಸೋದೇ ಬೇಡ ಅಂದ್ರು ಮಾವ.”

“ಯಾರ ಲೈಫು ಅಂತ ಕೇಳಿದ್ರಾ? ಇರಲಿ ಬಿಡಿ, ಭಾನುವಾರ ನಾನೇ ಬಂದು ಮಾಡ್ತೀನಿ.”

ಎಂಬತ್ತಮೂರರ ಮುದುಕ ಕಾರಿನಡಿ ನುಸುಳುವುದು, ತಾವು ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುವುದು! ನೆನೆಸಿಕೊಂಡೇ ಹೆಡ್‌ಕ್ಲರ್ಕರಿಗೆ ಮೈಯೆಲ್ಲ ಉರಿಯಿತು. “ಬೇಡಿ ಮಾವ. ನಾನೇ ಬದಲಾಯಿಸಿ, ಅದೇ ಕಾರಲ್ಲಿ ಹನ್ನೆರಡಕ್ಕೆ ಸರಿಯಾಗಿ ಬಸ್ ಸ್ಟ್ಯಾಂಡಿಗೆ ಬರ್ತೀನಿ. ಸದ್ದು ಬಂದ್ರೆ ಕೇಳಿ!”

ಮಾವ “ನೋಡೋಣ” ಎಂದು ಫೋನಿಟ್ಟರು.

ಡಿಫರೆನ್ಷಿಯಲ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಒಂದು ಲೋಹದ ಗಂಟು. ಅದರೊಳಗೆ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಹಳೇ ಎಣ್ಣೆ ಇಳಿಸಲು ಕೆಳಗೊಂದು ಪ್ಲಗ್, ಹೊಸದು ತುಂಬಲು ಮೇಲೊಂದು ಪ್ಲಗ್. ಇಷ್ಟೇ ಪುರಾಣ. ಭಾನುವಾರ ಬೆಳಗ್ಗೆ ಆರಕ್ಕೆ ಎದ್ದ ಹೆಡ್‌ಕ್ಲರ್ಕರು ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಮಟ್ಟ ಸರಿಯಿದೆಯೋ ಎಂದು ಒಂದು ಲೋಟ ನೀರನ್ನು ಕಾರಿನೊಳಗಿಟ್ಟು ಎಂಟು ಸಲ ಬಗ್ಗಿ ನೋಡಿದರು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು. “ರೀ, ಮೇಲಿನ ಪ್ಲಗ್ ಮೊದಲು ಬಿಚ್ಚಿ.”

“ಮೂವತ್ತಾರು ವರ್ಷ ಫೈಲು ನೋಡಿದೀನಿ ಕಣೇ. ಯಾವ ಫೈಲಾದ್ರೂ ಓದೋದು ಕೆಳಗಿನ ಹಾಳೆಯಿಂದ್ಲೇ.”

“ಇದು ಫೈಲಲ್ಲ.”

“ಪದ್ಧತಿ ಅಂದ್ರೆ ಎಲ್ಲಾ ಕಡೆ ಒಂದೇ!”

ಹೀಗೆ ಘೋಷಿಸಿ, ಪದ್ಧತಿಯ ಪ್ರಕಾರ ಕೆಳಗಿನ ಪ್ಲಗ್ ಬಿಚ್ಚಿದರು. ಎಣ್ಣೆಗೆ ಇಟ್ಟಿದ್ದ ಟ್ರೇ ಒಂದು ಕಡೆ, ಅವರ ತಲೆ ಇನ್ನೊಂದು ಕಡೆ. ಹದಿನಾಲ್ಕು ವರ್ಷದ ಕಪ್ಪೆಣ್ಣೆ ತಲೆಯನ್ನೇ ಆರಿಸಿಕೊಂಡಿತು. ಅಬ್ಬಬ್ಬಾ, ಆ ವಾಸನೆ! ಕೊಳೆತ ಮೊಟ್ಟೆಯನ್ನು ಸುಟ್ಟ ರಬ್ಬರಿನಲ್ಲಿ ಸುತ್ತಿಟ್ಟಂತೆ. ಆದರೂ ಹಳೇ ಎಣ್ಣೆ ಇಳಿಯಿತಲ್ಲ ಎಂದು ಕೆಳಗಿನ ಪ್ಲಗ್ ಬಿಗಿದು, ಮೇಲಿನದಕ್ಕೆ ಕೈ ಹಾಕಿದರು. ಅದು ಅಲುಗಾಡಲಿಲ್ಲ. ಮುಕ್ಕಾಲು ಗಂಟೆ ಗುದ್ದಾಡಿದರು. ಊಹ್ಞೂಂ.

ಈಗ ನೋಡಿ ಪರಿಸ್ಥಿತಿ. ಒಳಗೆ ಹನಿ ಎಣ್ಣೆಯಿಲ್ಲ, ಹೊಸದು ಹಾಕಲು ದಾರಿಯಿಲ್ಲ, ಎಣ್ಣೆಯಿಲ್ಲದೆ ಕಾರು ಗೇಟು ದಾಟುವಂತಿಲ್ಲ. ಗಂಟೆ ಹತ್ತೂವರೆ. ಅಲ್ಲಿ ಮಾವ ಆಗಲೇ ಬಸ್ಸು ಹತ್ತಿಯಾಗಿದೆ. ‘ಇಂಕಿನ ಅಳಿಯಂದ್ರು’ ಎಂಬ ಬಿರುದು ಇನ್ನು ಸಾಯುವವರೆಗೂ ಖಾಯಂ ಎಂದು ಹೆಡ್‌ಕ್ಲರ್ಕರು ಸ್ಪ್ಯಾನರನ್ನು ಕೆಳಗೆ ಹಾಕಿದರು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು. “ಅದು ಬಿಚ್ಚತ್ತೋ ಇಲ್ವೋ ಅಂತ ಮೊದಲೇ ನೋಡ್ಕೊಳ್ಳೋಕೇ ಮೇಲಿಂದು ಮೊದಲು ಅನ್ನೋದು. ಈಚೆ ಬನ್ನಿ.”

“ನೀನು ಏನು ಮಾಡ್ತೀಯೇ?”

“ಈಚೆ ಬನ್ನಿ ಅಂದ್ನಲ್ಲ.”

ತೋಳು ಮಡಚಿ, ಕೂದಲು ಬಿಗಿದು ಕಟ್ಟಿಕೊಂಡು ಅವಳು ಬೆನ್ನ ಮೇಲೆ ಸರ್ರನೆ ಒಳಗೆ ಜಾರಿದಳು. ಹೊರಗೆ ಉಳಿದದ್ದು ಎರಡು ಪಾದ ಮಾತ್ರ. ಆ ಪಾದಗಳನ್ನು ನೋಡಿ ಹೆಡ್‌ಕ್ಲರ್ಕರ ಎದೆ ಝಲ್ಲೆಂದಿತು. ಮೂವತ್ತೊಂದು ವರ್ಷದ ಹಿಂದೆ, ಕೆಟ್ಟ ಸ್ಕೂಟರ್ ತಳ್ಳಿಕೊಂಡು ಮೊದಲ ಸಲ ಮಾವನ ಶೆಡ್ಡಿಗೆ ಹೋದಾಗ ಅವರು ಕಂಡದ್ದು ಇವೇ ಪಾದಗಳನ್ನು. ಮೆಕ್ಯಾನಿಕ್ ಎಂದುಕೊಂಡು “ಏನಪ್ಪಾ” ಎಂದು ಕರೆದಿದ್ದರು. ಕಾರಿನಡಿಯಿಂದ ಮೂಗಿನ ತುದಿ ಕಪ್ಪಾದ ಹುಡುಗಿಯೊಬ್ಬಳ ಮುಖ ಹೊರಬಂದಿತ್ತು. ಅವತ್ತು ಸ್ಕೂಟರ್ ರಿಪೇರಿಯಾಯಿತು, ಸವಾರ ಕೆಟ್ಟುಹೋದ.

“ಇದನ್ನ ಯಾವ ಕಡೆ ತಿರುಗಿಸ್ತಿದ್ರಿ?” ಎಂದು ಕಾರಿನಡಿಯಿಂದ ದನಿ ಕೇಳಿತು.

“ಹಿಂದಿನಿಂದ ಕೈ ಬಳಸಿ... ಹೀಗೆ.”

“ಶಿವನೇ! ಮುಕ್ಕಾಲು ಗಂಟೆಯಿಂದ ಬಿಗಿ ಮಾಡ್ತಾ ಕೂತಿದೀರಾ? ಆ ಪೈಪಿನ ತುಂಡು ಕೊಡಿ. ಸುತ್ತಿಗೆ ಕೊಡಿ.”

ಟಣ್, ಟಣ್ ಎಂದು ಎರಡೇ ಏಟು. ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಿ ಒಂದೇ ಜಗ್ಗು. ಕಟಕ್ ಎಂದು ಪ್ಲಗ್ ಬಿಟ್ಟುಕೊಂಡಿತು. ಒಳಗಿನಿಂದ ಕಿಲಕಿಲ ನಗು ಬಂತು. ಆ ನಗುವನ್ನು ಹೆಡ್‌ಕ್ಲರ್ಕರು ಕೇಳಿ ಎಷ್ಟು ಕಾಲವಾಗಿತ್ತೋ!

“ಅಪ್ಪನ ದಪ್ಪ ಕೈ ಈ ಸಂದಿಗೆ ಹೋಗ್ತಿರ್ಲಿಲ್ಲ ಕಣ್ರೀ. ಮೇಲಿನ ಪ್ಲಗ್ ಯಾವಾಗ್ಲೂ ನಂದೇ.”

“ಇಷ್ಟೆಲ್ಲ ಬರತ್ತೆ, ಮತ್ತೆ ಮದುವೆ ಆದ್ಮೇಲೆ ಒಂದು ಸ್ಪ್ಯಾನರೂ ಮುಟ್ಲಿಲ್ವಲ್ಲೇ ನೀನು?”

“ಮರ್ತೇಹೋಯ್ತಾ? ಅವತ್ತು ನಾನು ಇಂಥದೇ ಎಣ್ಣೆ ಇಳಿಸ್ತಿದ್ದೆ. ನೀವು ಬಿಳೀ ಕರ್ಚೀಫು ಮೂಗಿಗೆ ಹಿಡ್ಕೊಂಡು, ‘ಏನಪ್ಪಾ ಇದು ವಾಸನೆ! ಮನುಷ್ಯರು ಇರೋ ಜಾಗಾನಾ ಇದು?’ ಅಂದ್ರಿ. ಅಪ್ಪಂಗೆ ಬಂದಿತ್ತು ನೋಡಿ ಕೋಪ! ನಂಗೆ ಮಾತ್ರ ಆ ಬಿಳೀ ಕರ್ಚೀಫು ಹಿಡಿಸಿಬಿಡ್ತು. ಮದುವೆ ಗೊತ್ತಾದ ದಿನ ಕೈ ತೊಳ್ಕೊಂಡೋಳು, ಇವತ್ತೇ ಮತ್ತೆ ಮುಟ್ಟಿದ್ದು.”

ಹೆಡ್‌ಕ್ಲರ್ಕರಿಗೆ ಆ ಪಾದಗಳು, ಕಪ್ಪು ಮೂಗು ಎಲ್ಲ ಅಚ್ಚೊತ್ತಿದಂತೆ ನೆನಪಿತ್ತು. ಕರ್ಚೀಫು ಒಂದೇ ಮರೆತಿತ್ತು. ತಮಗೆ ಬೇಕಾದಷ್ಟನ್ನೇ ನೆನಪಿಟ್ಟುಕೊಂಡಿದ್ದಕ್ಕೆ ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಟಾರ್ಚು ಹಚ್ಚಿ ಅವಳ ಕೈಗೆ ಬೆಳಕು ಹಿಡಿದರು.

ಅವಳು ಕೈಪಂಪಿನಿಂದ ಹೊಸ ಎಣ್ಣೆ ಏರಿಸಿದಳು. ತೂತಿನ ಅಂಚಿನಿಂದ ತೊಟ್ಟಿಕ್ಕಿದ ಕೂಡಲೇ ಪ್ಲಗ್ ಬಿಗಿದಳು. ಆಮೇಲೆ ಉಗುರುಬಣ್ಣ ತರಿಸಿಕೊಂಡು, ಎರಡೂ ಪ್ಲಗ್ಗುಗಳ ಮೇಲೆ ಪಕ್ಕದ ಲೋಹಕ್ಕೂ ತಾಗುವಂತೆ ಒಂದೊಂದು ಕೆಂಪು ಗೆರೆ ಎಳೆದಳು. ಪ್ಲಗ್ ಸಡಿಲವಾದರೆ ಗೆರೆ ಮುರಿದು ಗೊತ್ತಾಗುತ್ತದಂತೆ. ಕಾರು ಕೆಳಗಿಳಿಸಿ ಬೀದಿಯಲ್ಲಿ ಒಂದು ಸುತ್ತು ಹೋದರೆ, ಗುಂಯ್ ಎಂಬುದು ನಾಪತ್ತೆ!

ಸಕ್ಕರೆ ಬೆರೆಸಿದ ಸೋಪಿನ ಪುಡಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಹೆಂಡತಿ, “ನೀವೇ ಮಾಡಿದ್ದು ಅಂತ ಹೇಳ್ಕೊಳ್ಳಿ. ನಾನು ಬಾಯಿ ಬಿಡಲ್ಲ” ಎಂದಳು. ಹೆಡ್‌ಕ್ಲರ್ಕರು ಬೇಡವೆನ್ನಬೇಕಿತ್ತು. ಅನ್ನಲಿಲ್ಲ. ಮೂರು ಸಲ ತಲೆಗೆ ಸ್ನಾನ ಮಾಡಿ, ವಾಸನೆ ಹೋಗದಿದ್ದರೂ ಗರಿಗರಿ ಅಂಗಿ ತೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು.

ಮಾವ ಕೈಚೀಲ ಕೆಳಗಿಟ್ಟು, ಬರುತ್ತಿದ್ದ ಕಾರಿಗೆ ಕಿವಿಗೊಟ್ಟು ನಿಂತಿದ್ದರು. “ಸದ್ದಿಲ್ಲ. ಯಾರು ಮಾಡಿದ್ದು?”

“ನಾನೇ ಮಾವ. ಏನು ಮಹಾ ಕೆಲಸ!”

ಮುದುಕರು ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಅಡಿಗೆ ಇಣುಕಿದರು. ಒಂದು ನಿಮಿಷ ಕೂತೇ ಇದ್ದರು.

“ಭೇಷ್!” ಎಂದರು.

ಹೆಡ್‌ಕ್ಲರ್ಕರ ಎದೆ ಉಬ್ಬಿ ಅಂಗಿಯ ಗುಂಡಿಗಳು ಬಿಗಿದವು. ಮೂವತ್ತು ವರ್ಷದ ಬಾಕಿ ಸಂದಾಯವಾಯಿತು!

“ಭೇಷ್ ಪುಟ್ಟೀ! ಕೆಂಪು ಗೆರೆ ಇನ್ನೂ ಮರ್ತಿಲ್ವಲ್ಲೇ!” ಎನ್ನುತ್ತ ಮಾವ ಎದ್ದು, ಮಗಳ ತಲೆ ಸವರಿದರು. ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಅಳಿಯನ ಹತ್ತಿರ ಬಂದು ಮೂಸಿ ನೋಡಿದರು. ನಿಧಾನವಾಗಿ ಜೇಬಿನಿಂದ ಬಿಳೀ ಕರ್ಚೀಫು ತೆಗೆದು, ಮಡಿಕೆ ಬಿಡಿಸಿ, ಮೂಗಿಗೆ ಹಿಡಿದರು.

“ಏನಪ್ಪಾ ಇದು ವಾಸನೆ! ಮನುಷ್ಯರು ಇರೋ ಜಾಗಾನಾ ಇದು?”

ಹೆಂಡತಿ ಕಾರಿಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕಪಕ್ಕದ ಪ್ರಯಾಣಿಕರೂ ಯಾಕೆಂದು ತಿಳಿಯದೆ ನಕ್ಕರು.

“ಹಿಂದೆ ಕೂತ್ಕೊಳ್ಳಿ. ಪುಟ್ಟಿ ಓಡಿಸ್ಲಿ” ಎಂದು ಮಾವನ ಆಜ್ಞೆಯಾಯಿತು.

ನಾಲ್ಕೂ ಕಿಟಕಿ ಇಳಿಸಿಕೊಂಡು ಕಾರು ಹೊರಟಿತು. ಪುಟ್ಟಿ ಓಡಿಸಿದ್ದು ನಲವತ್ತರಲ್ಲಲ್ಲ. ಮುಂದೆ ಅಪ್ಪ ಮಗಳು ಹಳೇ ಶೆಡ್ಡಿನ ಸುದ್ದಿ ತೆಗೆದು ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತಿದ್ದರು. ಹಿಂದೆ ಹೆಡ್‌ಕ್ಲರ್ಕರು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ತಿರುವಿನಲ್ಲಿ ಮಾವ ತಿರುಗಿ ನೋಡದೆ ಕರ್ಚೀಫನ್ನು ಹಿಂದಕ್ಕೆ ಚಾಚಿದರು.

“ಅಳಿಯಂದ್ರೇ, ಕಿವಿ ಹಿಂದೆ ಇನ್ನೂ ಎಣ್ಣೆ ಇದೆ, ಒರೆಸ್ಕೊಳ್ಳಿ. ಮುಂದಿನ ಸಲ ಪುಟ್ಟಿಗೆ ಟಾರ್ಚು ಹಿಡೀರಿ, ಅಷ್ಟು ಸಾಕು.”

‘ಇಂಕಿನ’ ಎಂಬ ಮಾತು ಬಿಟ್ಟುಹೋಗಿದ್ದನ್ನು ಹೆಡ್‌ಕ್ಲರ್ಕರು ಗಮನಿಸಿದರು. ಕಿವಿಯ ಹಿಂದೆ ಒರೆಸಿಕೊಂಡು, ಕಪ್ಪಾದ ಕರ್ಚೀಫನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು, “ಆಗ್ಲಿ ಮಾವ” ಎಂದರು.