ಬೀರು ಖಾಲಿಯಿದೆ

ಹೆಂಡತಿ: (ಬೀರುವಿನ ಬಾಗಿಲು ಗುದ್ದುತ್ತ) ರೀ, ಹೊರಗೆ ಬರ್ತೀರೋ, ಬೀರು ಸಮೇತ ಗುಜರಿಗೆ ಹಾಕ್ಲೋ?

ಗಂಡ: (ಒಳಗಿನಿಂದ) ಹಾಕು. ಗುಜರಿಯವನು ಕುಡಿಯಲ್ಲ. ಒಳ್ಳೇ ಸಹವಾಸ.

ಕುಡಿತ ಬಿಡಿಸುವ ಆಸ್ಪತ್ರೆಯಿಂದ ನಿನ್ನೆಯಷ್ಟೇ ಬಂದಿದ್ದ ಬೀಗ ರಿಪೇರಿಯವ ಇವತ್ತು ಅಂಗಡಿ ತೆಗೆಯಬೇಕಿತ್ತು. ಅಂಗಡಿಯ ಎದುರಿಗೇ ಬಾರು. ಅದು ನೆನಪಾದದ್ದೇ ತಡ, ಬೀರು ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡ. ಬೀರುವಿಗೆ ಒಳಚಿಲಕ ಇಡುವ ಬುದ್ಧಿ ಲೋಕದಲ್ಲಿ ಅವನೊಬ್ಬನಿಗೇ ಇತ್ತು.

ಹೆಂಡತಿ: ಆತ್ಮವಿಶ್ವಾಸ ನಿಮ್ಮೊಳಗೇ ಇದೆ ಅಂತ ಡಾಕ್ಟರು ಹೇಳಿ ಕಳಿಸಿದ್ರಲ್ಲ?

ಗಂಡ: ಇದೆ ಕಣೇ. ಅದು ನನ್ನೊಳಗಿದೆ, ನಾನು ಬೀರುವಿನೊಳಗಿದ್ದೀನಿ. ಎರಡೂ ಭದ್ರ.

ಹೆಂಡತಿ: ಬೆಡ್‌ಶೀಟಾದ್ರೂ ಕೊಡಿ!

ಗಂಡ: ಅವೂ ಇಲ್ಲೇ ಇರ್ಲಿ. ಪಾಪ, ಇನ್ನೂ ಕುಡಿತ ಕಲ್ತಿಲ್ಲ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಬಾರಿನವನೇ!

ಹೆಂಡತಿ: ಬಂದ್ಯಾ ಮಹರಾಯ! ಗಿರಾಕಿ ತಪ್ಪಿಸ್ಕೊಂಡ್ರೆ ಮನೇವರೆಗೂ ಬರ್ತೀಯಾ?

ಬಾರಿನವ: ಅಯ್ಯೋ ತಾಯಿ, ನನ್ನ ಷಟರಿನ ಬೀಗ ಕಚ್ಕೊಂಡ್ಬಿಟ್ಟಿದೆ. ಅಣ್ಣ ಎಲ್ಲಿ?

ಹೆಂಡತಿ: ಬೆಡ್‌ಶೀಟುಗಳ ಮಧ್ಯೆ.

ಬಾರಿನವ: (ಬೀರುವಿಗೆ ಕೈಮುಗಿದು) ಅಣ್ಣಾ, ನೀನೇ ಮಾಡಿಕೊಟ್ಟ ಬೀಗ.

ಗಂಡ: ಬರಲ್ಲ. ನಾನು ಬೀಗ ತೆಗೀತೀನಿ, ನೀನು ಷಟರ್ ತೆಗೀತೀಯ, ಆಮೇಲೆ ಮುಚ್ಚಳ ಯಾರು ತೆಗೀತಾರೋ ನಂಗೆ ಗೊತ್ತು!

ಬಾರಿನವ: ಹೋಗ್ಲಿ ಬಿಡು. ವೆಲ್ಡಿಂಗಿನವನು ಸುತ್ತಿಗೆ ತರ್ತೀನಿ ಅಂದ.

ಗಂಡ: ಸುತ್ತಿಗೇನಾ? ನನ್ನ ಬೀಗಕ್ಕಾ?

ಬೀರುವಿನ ಬಾಗಿಲು ಧಡಾರನೆ ತೆರೆಯಿತು. ಕೊರಳಿಗೆ ಸುತ್ತಿಕೊಂಡ ಬೆಡ್‌ಶೀಟಿನ ಸಮೇತ ಅವನು ಬೀದಿಗಿಳಿದ. ಅದರ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಹೆಂಡತಿ ಹಿಂದೆಯೇ ನಡೆದಳು.

ಬಾರಿನ ಮುಂದೆ ಕಾದು ಸುಸ್ತಾಗಿದ್ದವರೆಲ್ಲ ಒಟ್ಟಿಗೆ ಕೂಗಿದರು: “ನಿನ್ನ ಕೈಲಾಗುತ್ತಣ್ಣಾ!” ಆಸ್ಪತ್ರೆಯಲ್ಲೂ ಅವನಿಗೆ ಯಾರೂ ಇಷ್ಟು ಧೈರ್ಯ ತುಂಬಿರಲಿಲ್ಲ.

ತಂತಿ ತೂರಿಸಿದ. ಕೈ ನಡುಗಲಿಲ್ಲ. ಬೀಗ ಬಿಟ್ಟುಕೊಂಡಿತು. ಷಟರನ್ನು ಗೇಣುದ್ದ ಎತ್ತುತ್ತಲೇ ಹಳೇ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಬೆಡ್‌ಶೀಟು ಜಗ್ಗಲು ಸಜ್ಜಾದಳು. ಅವನು ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡ. ಷಟರ್ ಎಳೆದು, ಟಕ್ಕೆಂದು ಬೀಗ ಒತ್ತಿಬಿಟ್ಟ.

ಬಾರಿನವ: ಅಯ್ಯಯ್ಯೋ! ಮತ್ಯಾಕೆ ಹಾಕ್ದೆ?

ಗಂಡ: ತೆಗೆಯೋದು ಮೊದಲಿಂದ್ಲೂ ಬರ್ತಿತ್ತು. ಹಾಕೋಕೆ ಬರುತ್ತಾ ಅಂತ ನೋಡ್ದೆ.

ಬಾರಿನವ: ಬಂತಲ್ಲ, ಈಗ ತೆಗಿ! ನನ್ನ ಕೈಕಾಲೇ ಆಡ್ತಿಲ್ಲ!

ಹೆಂಡತಿ: (ಬೆಡ್‌ಶೀಟು ಮಡಚುತ್ತ) ಇವರಿಗೆ ತಮ್ಮ ಅಂಗಡಿ ತೆಗೆಯೋ ಹೊತ್ತಾಯ್ತು. ನಿನಗೆ ಅಷ್ಟು ಭಯ ಆದ್ರೆ ಮನೆಗೆ ಹೋಗಿ ಕೂತಿರು. ಬೀರು ಖಾಲಿಯಿದೆ.